ಎರಡರ ಜಾಗಾದಾಗ ನಾಕು ಇಟ್ರ?

ಬ್ಯಾಡಗಿ ಹತ್ತಿರದ ಹಳ್ಳಿಯೊಂದರಲ್ಲಿ ಗಣಿತದ ಮಾಸ್ತರು ನಾನು. ಮೊದಲ ಕೆಲವು ವರ್ಷ ಮಾಡಿದ್ದು ಪಾಠವಲ್ಲ, ಪುಸ್ತಕದ ಸಾಲುಗಳನ್ನು ಬೋರ್ಡಿಗೆ ದಾಟಿಸುವ ಕೆಲಸ. ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ವಾರಗಟ್ಟಲೆ ಬಾರದವರೂ ಗೆಳೆಯರ ನೋಟ್ಸು ನಕಲು ಮಾಡಿಕೊಂಡು ಉಳಿದವರಷ್ಟೇ ಅಂಕ ತೆಗೆಯುತ್ತಿದ್ದರು. ಹಾಗಾದರೆ ನಾನು ಯಾಕೆ ಬೇಕು ಎಂದು ಆಗಲೇ ಕೇಳಿಕೊಳ್ಳಬೇಕಿತ್ತು.

ಕೇಳುವಂತೆ ಮಾಡಿದವಳು ಹಿಂದಿನ ಬೆಂಚಿನ ಹುಡುಗಿ. ಹತ್ತನೇ ತರಗತಿ, 2ರ ವರ್ಗಮೂಲ ಅಭಾಗಲಬ್ಧ, ಅಂದರೆ ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ್ದು, ಎಂದು ತೋರಿಸಿಕೊಡುವ ಸಾಧನೆ. ಅದು ಭಾಗಲಬ್ಧ ಅಂದುಕೊಳ್ಳಿ, ಸಾಮಾನ್ಯ ಅಪವರ್ತನವಿಲ್ಲದ ಭಿನ್ನರಾಶಿಯಾಗಿ ಬರೆಯಿರಿ, ವರ್ಗ ಮಾಡಿ. ಅಂಶದ ವರ್ಗ 2ರಿಂದ ಭಾಗವಾಗುತ್ತದೆ, ಆದ್ದರಿಂದ ಅಂಶವೂ ಆಗುತ್ತದೆ, ಹಾಗೇ ಛೇದವೂ. ಸಾಮಾನ್ಯ ಅಪವರ್ತನವಿಲ್ಲ ಅಂದದ್ದಕ್ಕೇ ವಿರೋಧ ಬಂತು, ಮುಗೀತು. ಅಷ್ಟರಲ್ಲಿ ಆಕೆ ಎದ್ದಳು: "ಸರ್, ಎರಡರ ಜಾಗಾದಾಗ ನಾಕು ಇಟ್ರ? ಅದೂ ಅಭಾಗಲಬ್ಧ ಆಕ್ಕೈತೇನ್ರಿ?"

4ರ ವರ್ಗಮೂಲ 2 ಅಂತ ಎಲ್ಲರಿಗೂ ಗೊತ್ತು. ಆದರೆ ಸಾಧನೆ ಯಾವ ಸಾಲಿನಲ್ಲಿ ಮುರಿಯುತ್ತದೆ? ನನ್ನ ಬಾಯಿ ಕಟ್ಟಿತು. "ನೋಡೂಣು ಬಾ" ಅಂದು 2 ಇದ್ದಲ್ಲೆಲ್ಲ 4 ಬರೆಯುತ್ತ ಹೋದೆ. 'ವರ್ಗ 4ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ' ಎನ್ನುವಲ್ಲಿಗೆ ಬಂದಾಗ ಇನ್ನೊಬ್ಬ ಕೂಗಿದ: "ಇಲ್ರಿ! ಆರಾರಲೆ ಮೂವತ್ತಾರು, ಅದು ನಾಕರಿಂದ ಹೋಗ್ತೈತಿ. ಆರು ಹೋಗಂಗಿಲ್ಲ!" ಆ ಸಾಲು ನಿಲ್ಲಲು ಭಾಗಿಸುವ ಸಂಖ್ಯೆ ಅವಿಭಾಜ್ಯ, ಅಂದರೆ 1 ಮತ್ತು ತನ್ನಿಂದ ಮಾತ್ರ ಭಾಗವಾಗುವಂಥದ್ದು, ಆಗಿದ್ದರೆ ಸಾಕು; 2 ಹಾಗಿದೆ, 4 ಹಾಗಿಲ್ಲ. ಪುಸ್ತಕದ ಪ್ರಮೇಯದಲ್ಲಿ 'ಅವಿಭಾಜ್ಯ' ಎಂಬ ಮಾತು ಮೊದಲಿನಿಂದಲೂ ಇತ್ತು. ನಾನೇ ಅದನ್ನು ಅಲಂಕಾರದಂತೆ ಓದಿಕೊಂಡು ಬಂದಿದ್ದೆ.

ಈಗ ಪುಸ್ತಕದ ಸಾಧನೆ ಮುಗಿದ ಕೂಡಲೇ ಬೇಕಂತಲೇ 4 ಹಾಕುತ್ತೇನೆ. ಹಾಕಿ ಸುಮ್ಮನೆ ನಿಂತು ಮುಖಗಳನ್ನು ನೋಡುತ್ತೇನೆ. ಪೆನ್ನು ಓಡುತ್ತಲೇ ಇದ್ದರೆ ತಲೆಗೆ ಹೋಗಿಲ್ಲ ಅಂತ; ಪೆನ್ನು ನಿಂತು ಹುಬ್ಬು ಗಂಟಾದರೆ ಅರ್ಧ ಕೆಲಸ ಆಯ್ತು. ದಾರಿ ತಪ್ಪುವುದನ್ನು ಅಚ್ಚಾದ ಪುಟ ತೋರಿಸುವುದು ಕಡಿಮೆ, ಅದಕ್ಕೆ ನಮ್ಮ ಮುಖವೂ ಕಾಣುವುದಿಲ್ಲ. ರಾತ್ರಿ ಮನೆಯಲ್ಲಿ ನಿಧಾನವಾಗಿ ತಿರುವಿ ಓದಲು ಮಾತ್ರ ಪುಸ್ತಕವೇ ಬೇಕು, ನನ್ನ ದನಿ ಅಲ್ಲಿಗೆ ಹೋಗುವುದಿಲ್ಲ.

ಆಮೇಲೆ 6 ಕೊಡುತ್ತೇನೆ. ಅವಿಭಾಜ್ಯವಲ್ಲ, ಆದರೂ ಸಾಧನೆ ಮುರಿಯುವುದಿಲ್ಲ! ಒಳಗೆ 2 ಒಂದೇ ಸಲ, 3 ಒಂದೇ ಸಲ ಇರುವುದರಿಂದ ಎಂದು ಅವರೇ ಹುಡುಕಬೇಕು. ಕೆಲವು ವರ್ಷ ಎರಡು ಪೀರಿಯಡ್ ಹಿಡಿಯುತ್ತದೆ. ಸಿಲಬಸ್ ಹಿಂದೆ ಬೀಳುತ್ತದೆ, ಬೈಸಿಕೊಂಡದ್ದೂ ಉಂಟು.

ಈ ವರ್ಷ ಒಬ್ಬ 12 ಹಿಡಿದುಕೊಂಡು ಬಂದ. 36 ಅದರಿಂದ ಭಾಗವಾಗುತ್ತದೆ, 6 ಆಗುವುದಿಲ್ಲ. ಅಂದರೆ ಸಾಧನೆ ಮುರಿಯಿತು. ಆದರೆ 12ರ ವರ್ಗಮೂಲ ಅಭಾಗಲಬ್ಧವೇ. ಹಾಗಾದರೆ? 12ನ್ನು 4 ಮತ್ತು 3 ಎಂದು ಒಡೆಯುವವರೆಗೆ ನಾನು ಬರೆದೆ, ಮುಂದಿನದಕ್ಕೆ ಅವನ ಕೈಗೇ ಚಾಕ್‌ಪೀಸ್ ಕೊಟ್ಟೆ.