ಪೊದೆಗೆ ನುಗ್ಗಬೇಡಿ, ಅಂಚಿನಲ್ಲಿ ಕೂತುಕೊಳ್ಳಿ: ಅಡಗಿ ಬದುಕುವ ಹಕ್ಕಿ, ಪ್ರಾಣಿಗಳನ್ನು ನೋಡುವ ಬಗೆ

"ಕೂಗು ಕೇಳುತ್ತೆ, ಹಕ್ಕಿ ಮಾತ್ರ ಕಾಣಲ್ಲ." ಕೋಲಾರದ ಕೆರೆಗಳ ಕಡೆ ಹೊಸದಾಗಿ ಹಕ್ಕಿ ನೋಡೋಕೆ ಬರುವವರು ನನ್ನ ಹತ್ತಿರ ಜಾಸ್ತಿ ಹೇಳುವ ಮಾತು ಇದು. ಬೆಳ್ಳಕ್ಕಿ, ನೀರುಕಾಗೆ ನೋಡೋಕೆ ಏರಿ ಮೇಲೆ ನಿಂತರೆ ಸಾಕು. ಜೊಂಡಿನೊಳಗೆ, ಕಳ್ಳಿ ಬೇಲಿಯೊಳಗೆ, ಬೆಟ್ಟದ ಬುಡದ ಲಂಟಾನದೊಳಗೆ ಇರುವವು ಹಾಗಲ್ಲ. ಹುಂಡುಕೋಳಿ (ಬಿಳಿ ಎದೆಯ ನೀರುಕೋಳಿ), ಗುಪ್ಪಿ (ಬಕದ ಜಾತಿಯ ಸಣ್ಣ ಹಕ್ಕಿ), ಕೆಂಬೂತ, ಗೌಜಲಕ್ಕಿ, ನವರಂಗ, ಕಾಡುಬೆಕ್ಕು, ಕಾಡುಪಾಪ (ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ, ಲೋರಿಸ್). ನಮ್ಮ ಹೊಲದ ಪಕ್ಕದಲ್ಲೇ ಬದುಕುತ್ತವೆ, ಆದರೂ ನಮ್ಮಲ್ಲಿ ಎಷ್ಟೋ ಜನ ಒಂದು ಸಲವೂ ಇವನ್ನು ಸರಿಯಾಗಿ ನೋಡಿರುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಪೊದೆಯೊಳಗೆ ಹೋದರೆ ಇವು ಸಿಗುವುದಿಲ್ಲ. ನೀವು ಒಂದು ಹೆಜ್ಜೆ ಇಡುವಷ್ಟರಲ್ಲಿ ಅವು ಹತ್ತು ಹೆಜ್ಜೆ ಸರಿದಿರುತ್ತವೆ. ಹುಂಡುಕೋಳಿಯ ಮೈ ಎರಡು ಪಕ್ಕದಿಂದ ಒತ್ತಿದ ಹಾಗೆ ಚಪ್ಪಟೆ, ಜೊಂಡಿನ ಕಡ್ಡಿಗಳ ನಡುವೆ ಒಂದೂ ಅಲ್ಲಾಡದಂತೆ ನುಸುಳಿಕೊಂಡು ಹೋಗುತ್ತದೆ. ನಮ್ಮ ಮೈ ಹಾಗಿಲ್ಲ ಅಲ್ವಾ? ಆದರೆ ಎಷ್ಟೇ ಅಡಗುವ ಜೀವವಾದರೂ ದಿನಕ್ಕೆ ಕೆಲವು ಸಲ ಪೊದೆಯ ಅಂಚಿಗೆ ಬರಲೇಬೇಕು. ನೀರು ಕುಡಿಯೋಕೆ, ನೆನೆದ ಮೈ ಒಣಗಿಸೋಕೆ, ಮಣ್ಣಲ್ಲಿ ಹೊರಳೋಕೆ, ಮರಿಗೆ ಹುಳ ಹಿಡಿಯೋಕೆ. ಆ ಅಂಚು ಎಲ್ಲಿದೆ, ಆ ಹೊತ್ತು ಯಾವುದು ಅಂತ ಕಂಡುಕೊಂಡು ಅವಕ್ಕಿಂತ ಮುಂಚೆ ಹೋಗಿ ಕೂರುವುದೇ ಇಲ್ಲಿ ಕೆಲಸ.

ಎಲ್ಲಿ ಕೂರುವುದು

2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಒಂದೊಂದೇ ಕೆರೆ ತುಂಬುತ್ತಾ ಹೋದ ಮೇಲೆ ನಮ್ಮ ಜಿಲ್ಲೆಯ ಹಲವು ಕೆರೆಗಳ ಚಹರೆಯೇ ಬದಲಾಯಿತು. ಅದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಅದರ ಬಗ್ಗೆ ಜನರಲ್ಲಿ ವಾದ ಇದೆ, ಅದು ಬೇರೆ ಮಾತು. ವರ್ಷಗಟ್ಟಲೆ ಜಾಲಿ ಬೆಳೆದು ಒಣಗಿದ್ದ ಕೆರೆ ಅಂಗಳಗಳಲ್ಲಿ ಈಗ ನೀರು ನಿಂತಿದೆ, ನೀರು ತೆಳುವಾಗಿರುವ ಕಡೆ ಜೊಂಡು ಬೆಳೆದಿದೆ. ಜೊಂಡು ಇದ್ದ ಕಡೆ ಹುಂಡುಕೋಳಿ ಇದೆ ಅಂದುಕೊಂಡೇ ಹೋಗಿ.

ಪೂರ್ತಿ ಕೆರೆ ಸುತ್ತಬೇಡಿ. ಒಂದೇ ಒಂದು ಕಂಡಿ ಹುಡುಕಿ. ಜೊಂಡಿನ ನಡುವೆ ಎಮ್ಮೆ ಇಳಿದು ಇಳಿದು ಆದ ದಾರಿ, ತೂಬಿನಿಂದ ನೀರು ಜಿನುಗುವ ಜಾಗ, ಕೋಡಿ ಪಕ್ಕದ ಕೆಸರಿನ ಪಟ್ಟಿ, ಇಂಥವು. ಮುಖ್ಯವಾಗಿ ಬೇಕಾದ್ದು ಏನೆಂದರೆ, ಒಂದು ಕಡೆ ದಟ್ಟ ಜೊಂಡು, ಇನ್ನೊಂದು ಕಡೆ ದಟ್ಟ ಜೊಂಡು, ನಡುವೆ ಮೂರು ನಾಲ್ಕು ಅಡಿ ಬಯಲು. ಹಕ್ಕಿ ಆ ಕಡೆಯಿಂದ ಈ ಕಡೆ ದಾಟುವಾಗ ನಿಮಗೆ ಪೂರ್ತಿ ಕಾಣಿಸುತ್ತದೆ. ಕೆಸರಲ್ಲಿ ಉದ್ದ ಬೆರಳುಗಳ ಹೆಜ್ಜೆ ಗುರುತು ಇದ್ದರೆ ಆ ಕಂಡಿಯಲ್ಲಿ ಓಡಾಟ ಇದೆ ಅಂತಲೇ ಅರ್ಥ.

ಬೆಳಗ್ಗೆ ಆದರೆ ಕಂಡಿಯ ಪೂರ್ವಕ್ಕೆ ಕೂರಬೇಕು, ಸೂರ್ಯ ನಿಮ್ಮ ಬೆನ್ನಿಗೆ ಇರಲಿ. ದೂರ ಸುಮಾರು 25ರಿಂದ 30 ಮೀಟರ್. ಒಂದು ಹೊಂಗೆ ಮರದ ಬುಡವೋ, ಬಂಡೆಯೋ ಹಿಂದೆ ಇದ್ದರೆ ನಿಮ್ಮ ಆಕಾರ ಎದ್ದು ಕಾಣುವುದಿಲ್ಲ. ಬಿಳಿ ಅಂಗಿ ಬೇಡ. ಮಡಚುವ ಸಣ್ಣ ಸ್ಟೂಲ್ ತೆಗೆದುಕೊಂಡು ಹೋಗಿ, ನೆಲದ ಮೇಲೆ ಕೂತರೆ ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿದು ಒದ್ದಾಡುತ್ತೀರಿ, ಆ ಒದ್ದಾಟವೇ ಹಕ್ಕಿಯನ್ನು ಓಡಿಸುವುದು. ಬೈನಾಕ್ಯುಲರ್ ಕೊಳ್ಳುವುದಾದರೆ 8×42, ಅಂದರೆ 8 ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಇರುವಂಥದ್ದು ಸಾಕು. 10 ಪಟ್ಟಿನದ್ದರಲ್ಲಿ ಜಾಗ ಕಿರಿದಾಗಿ ಕಾಣುತ್ತದೆ, ಪೊದೆಯಲ್ಲಿ ಸರಕ್ಕನೆ ಸರಿಯುವ ಹಕ್ಕಿಯನ್ನು ಹಿಡಿಯುವುದು ಕಷ್ಟ.

ಮೊದಲ 20 ನಿಮಿಷ ಏನೂ ಬರುವುದಿಲ್ಲ. ಇಲ್ಲೇ ಎಲ್ಲರೂ ಎದ್ದು ಹೋಗುವುದು. ನೀವು ಬಂದ ಸದ್ದಿಗೆ ಒಳಗೆ ಸೇರಿದ ಹಕ್ಕಿಗೆ ಮತ್ತೆ ಧೈರ್ಯ ಬರೋಕೆ ಅಷ್ಟು ಹೊತ್ತು ಬೇಕು. ಹಾಗಾಗಿ 45 ನಿಮಿಷ ಅಂತ ಮನಸ್ಸಲ್ಲಿ ಇಟ್ಟುಕೊಂಡೇ ಕೂರಿ. ಮೊಬೈಲ್ ತೆಗೆಯಬೇಡಿ. ಒಂದು ದಿನ ದನ ಮೇಯಿಸುವ ತಾತ ಒಬ್ಬರು ನನ್ನ ಹಿಂದೆ ಬಂದು ನಿಂತು, "ಏನ್ ಸಾರ್, ಮೀನು ಹಿಡಿಯೋಕೆ ಬಂದ್ರಾ, ಗಾಳ ಎಲ್ಲಿ?" ಅಂದರು. ಹುಂಡುಕೋಳಿ ನೋಡೋಕೆ ಬಂದೆ ತಾತ ಅಂದೆ. "ಅಯ್ಯೋ, ಅದು ಈ ಕಡೆ ಬರಲ್ಲ, ಎಮ್ಮೆ ನೀರಿಂದ ಎದ್ದ ಮೇಲೆ ಆ ಕಡೆ ಬರುತ್ತೆ" ಅಂತ ಕೋಲಿನಿಂದ ತೋರಿಸಿದರು. ಅವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಎಮ್ಮೆ ಕಲಕಿದ ಕೆಸರಲ್ಲಿ ಹುಳ ಮೇಲೆ ಬಂದಿರುತ್ತವಲ್ಲ, ಅದಕ್ಕೇ. ಕೆರೆ ಹತ್ತಿರ ದಿನಾ ಓಡಾಡುವವರನ್ನು ಮಾತಾಡಿಸದೆ ಕೂರಲೇಬೇಡಿ.

ಕಂಡಿಗೆ ಬಂದ ಹುಂಡುಕೋಳಿಯನ್ನು ಗುರುತಿಸುವುದು ಸುಲಭ. ಬೆನ್ನು ಕಪ್ಪು, ಮುಖ ಎದೆ ಬೆಳ್ಳಗೆ, ನಡೆಯುವಾಗ ಮೋಟು ಬಾಲವನ್ನು ಮೇಲಕ್ಕೆ ಕುಣಿಸುತ್ತದೆ, ಆಗ ಬಾಲದ ಕೆಳಗಿನ ಇಟ್ಟಿಗೆ ಬಣ್ಣ ಕಾಣುತ್ತದೆ. ಮರಿಗಳು ಕಾಡಿಗೆಯಷ್ಟು ಕಪ್ಪು. ಗುಪ್ಪಿ ಹಾಗಲ್ಲ, ಅದು ಕಣ್ಣೆದುರೇ ನಿಂತಿರುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ಅನುಮಾನ ಬಂದ ತಕ್ಷಣ ಕತ್ತನ್ನು ಉದ್ದ ಮಾಡಿ ಕೊಕ್ಕನ್ನು ಆಕಾಶಕ್ಕೆ ಎತ್ತಿ ನಿಂತುಬಿಡುತ್ತದೆ, ಕತ್ತಿನ ಮೇಲಿನ ಗೆರೆಗಳು ಒಣ ಜೊಂಡಿನ ಹಾಗೇ ಕಾಣುತ್ತವೆ, ಗಾಳಿಗೆ ಜೊಂಡು ತೂಗಿದರೆ ತಾನೂ ತೂಗುತ್ತದೆ. ಇದನ್ನು ನೋಡೋಕೆ ನನಗೆ ಗೊತ್ತಿರುವ ಒಂದೇ ಉಪಾಯ, ನೀರಿನ ಮಟ್ಟದಲ್ಲಿ ಕಡ್ಡಿಗಳ ಬುಡವನ್ನು ಮಾತ್ರ ನೋಡುತ್ತಾ ನಿಧಾನವಾಗಿ ಬೈನಾಕ್ಯುಲರ್ ಸರಿಸುವುದು. ಎರಡು ಕಾಲು ಸಿಕ್ಕರೆ ಮೇಲೆ ಹಕ್ಕಿ ಇರುತ್ತದೆ. ಹಾರಿದಾಗ ರೆಕ್ಕೆಯ ಗರಿ ಕಪ್ಪಗಿದ್ದು ಉಳಿದದ್ದು ತಿಳಿಹಳದಿ ಇದ್ದರೆ ಹಳದಿ ಗುಪ್ಪಿ, ಪೂರ್ತಿ ದಾಲ್ಚಿನ್ನಿ ಬಣ್ಣವಿದ್ದರೆ ಕೆಂಪು ಗುಪ್ಪಿ.

ಕಿವಿಯೇ ದಾರಿ ತೋರಿಸುವುದು

ಪೊದೆಯ ಹಕ್ಕಿಗಳಿಗೂ ಒಬ್ಬರನ್ನೊಬ್ಬರು ಕಾಣುವುದು ಕಷ್ಟ, ಅದಕ್ಕೇ ಅವು ಗಟ್ಟಿಯಾಗಿ ಕೂಗುತ್ತವೆ. ಮುಂಗಾರು ಶುರುವಾದ ಮೇಲೆ ಹುಂಡುಕೋಳಿ ರಾತ್ರಿಯೆಲ್ಲಾ ಕ್ವಾಕ್ ಕ್ವಾಕ್ ಅಂತ ಅರಚುತ್ತದೆ, ಹೊಸಬರು ಅದನ್ನು ಹಕ್ಕಿ ಅಂತ ನಂಬುವುದೇ ಇಲ್ಲ. ಕೆಂಬೂತದ್ದು ಆಳದಿಂದ ಬರುವ ಊಪ್ ಊಪ್ ಊಪ್, ಒಂದು ಕೂಗಿದರೆ ದೂರದಿಂದ ಇನ್ನೊಂದು ಉತ್ತರ ಕೊಡುತ್ತದೆ. ಗೌಜಲಕ್ಕಿ ಬೆಳಗ್ಗೆ ಕುರುಚಲು ಹೊಲದಿಂದ ಏರು ದನಿಯಲ್ಲಿ ಕೂಗಿ ಇಡೀ ಬಯಲನ್ನು ಎಬ್ಬಿಸುತ್ತದೆ. ಚಳಿಗಾಲದಲ್ಲಿ ಬೇಲಿಯೊಳಗಿಂದ ಎರಡು ಬೆಣಚುಕಲ್ಲು ತಟ್ಟಿದ ಹಾಗೆ ಚೆಕ್, ಚೆಕ್ ಅಂತ ಕೇಳಿದರೆ ಅದು ಉತ್ತರದ ದೂರದ ನಾಡುಗಳಿಂದ ಬಂದ ಉಲಿಯಕ್ಕಿ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಹಕ್ಕಿ, ಅಷ್ಟು ದೂರ ಹಾರಿ ಬಂದು ನಮ್ಮ ಲಂಟಾನದಲ್ಲಿ ಚಳಿಗಾಲ ಕಳೆಯುತ್ತದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೂಗು ಯಾರದ್ದೆಂದು ತಿಳಿಯಲು ಮರ್ಲಿನ್ ಆ್ಯಪ್ ಬಳಸಿ, ಅದು ರೆಕಾರ್ಡ್ ಮಾಡಿಕೊಂಡು ಹೆಸರು ಹೇಳುತ್ತದೆ. ಕೆಲವೊಮ್ಮೆ ತಪ್ಪು ಹೇಳುತ್ತದೆ, ಕಣ್ಣಲ್ಲಿ ನೋಡಿದ ಮೇಲೇ ನಂಬಿ. ಆದರೆ ಮೊಬೈಲಿನಲ್ಲಿ ಅದರ ಕೂಗು ಹಾಕಿ ಹಕ್ಕಿಯನ್ನು ಹೊರಗೆ ಕರೆಯುವ ಕೆಲಸ ಮಾತ್ರ ಮಾಡಬೇಡಿ, ಕೈ ಮುಗಿದು ಕೇಳುತ್ತೇನೆ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂದುಕೊಂಡು ಅದು ಗೂಡು, ಮರಿ, ಮೇವು ಎಲ್ಲಾ ಬಿಟ್ಟು ಜಗಳಕ್ಕೆ ಬರುತ್ತದೆ. ಬಯಲಿಗೆ ಬಂದ ಆ ಹೊತ್ತಲ್ಲಿ ಗಿಡುಗ ನೋಡುತ್ತಿರಬಹುದು.

ಬೇರೆಯವರ ಗಲಾಟೆಯನ್ನೂ ಕೇಳಿಸಿಕೊಳ್ಳಿ. ಪಿಕಳಾರ, ಹರಟೆಮಲ್ಲ, ಅಳಿಲು ಮೂರೂ ಸೇರಿ ಒಂದೇ ಪೊದೆಯ ಕಡೆ ಮುಖ ಮಾಡಿ ಬಯ್ಯುತ್ತಿದ್ದರೆ ಒಳಗೆ ಹಾವೋ, ಗೂಬೆಯೋ, ಕಾಡುಬೆಕ್ಕೋ ಇದೆ. ಹತ್ತಿರ ಹೋಗದೆ ಆ ಪೊದೆಯ ಇನ್ನೊಂದು ಪಕ್ಕವನ್ನು ದೂರದಿಂದ ನೋಡುತ್ತಿರಿ, ಬೈಗುಳ ತಾಳಲಾರದೆ ಅದು ಆ ಕಡೆಯಿಂದಲೇ ಹೊರಡುತ್ತದೆ. ನಾನು ಕಾಡುಬೆಕ್ಕನ್ನು ಹಗಲಲ್ಲಿ ನೋಡಿದ್ದು ಇದೊಂದೇ ಬಗೆಯಲ್ಲಿ.

ಕೆಂಬೂತದ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ನಮ್ಮ ಕಡೆ ತೆಲುಗು ಮಾತಾಡುವವರು ಇದನ್ನು ಜೆಮುಡು ಕಾಕಿ ಅನ್ನುತ್ತಾರೆ, ಅಂದರೆ ಕಳ್ಳಿಯ ಕಾಗೆ. ಎಲ್ಲಿ ಹುಡುಕಬೇಕು ಅಂತ ಹೆಸರಲ್ಲೇ ಇದೆ. ಕನ್ನಡದಲ್ಲಿ ನವಿಲು ಕುಣಿಯಿತು ಅಂತ ಕೆಂಬೂತ ಪುಕ್ಕ ಕೆದರಿತು ಅನ್ನುವ ಗಾದೆ ಇದೆ, ಅದರಲ್ಲಿ ಕೆಂಬೂತಕ್ಕೆ ಅವಮಾನವೇ ಆಗಿದೆ. ಆದರೆ ಗಾದೆ ಕಟ್ಟಿದವರು ಚೆನ್ನಾಗಿ ನೋಡಿದ್ದಾರೆ. ಮಳೆ ನಿಂತ ಮೇಲೆ, ಇಲ್ಲವೇ ಮಂಜು ಬಿದ್ದ ಬೆಳಗ್ಗೆ, ಕೆಂಬೂತ ಬೇಲಿಯ ತುದಿಗೆ ಹತ್ತಿ ರೆಕ್ಕೆ ಬಾಲ ಎರಡೂ ಹರಡಿಕೊಂಡು ಬಿಸಿಲು ಕಾಯುತ್ತದೆ. ಅದು ಕುಣಿತವಲ್ಲ, ಮೈ ಒಣಗಿಸುವುದು. ಇಡೀ ದಿನದಲ್ಲಿ ಅದನ್ನು ನೆಮ್ಮದಿಯಾಗಿ ನೋಡೋಕೆ ಇದಕ್ಕಿಂತ ಒಳ್ಳೆ ಹೊತ್ತಿಲ್ಲ, ಆ ತುಕ್ಕು ಬಣ್ಣದ ರೆಕ್ಕೆ, ಕೆಂಪು ಕಣ್ಣು ಎಲ್ಲಾ ಬಿಸಿಲಿಗೆ ಹೊಳೆಯುತ್ತವೆ.

ಗೂಡಿನ ವಿಷಯ

ನಾನು ಕಲಿತದ್ದು ತಪ್ಪು ಮಾಡಿಯೇ. ಶುರುವಿನ ವರ್ಷಗಳಲ್ಲಿ ಒಂದು ಹುಂಡುಕೋಳಿ ಗೂಡಿನ ಫೋಟೋ ತೆಗೆಯಬೇಕು ಅಂತ ಜೊಂಡು ತುಳಿದುಕೊಂಡು ಒಳಗೆ ಹೋದೆ. ಎರಡು ನಿಮಿಷ ಇದ್ದು ವಾಪಸ್ ಬಂದೆ, ಮೊಟ್ಟೆ ಮುಟ್ಟಲಿಲ್ಲ. ಮೂರನೇ ದಿನ ನೋಡಿದರೆ ನಾನು ತುಳಿದ ದಾರಿಯಲ್ಲೇ ನಾಯಿಯ ಹೆಜ್ಜೆ, ಗೂಡು ಖಾಲಿ. ಆ ದಟ್ಟ ಗೋಡೆಗೆ ಬಾಗಿಲು ತೆಗೆದವನು ನಾನೇ. ಆಮೇಲಿಂದ ಒಂದು ಕಡ್ಡಿಯನ್ನೂ ಸರಿಸಿಲ್ಲ. ಪುರ್ಲೆ (ಲಾವಕ್ಕಿ ಜಾತಿಯ ಸಣ್ಣ ಹಕ್ಕಿ), ಗೌಜಲಕ್ಕಿ ನೆಲದ ಮೇಲೇ ಮೊಟ್ಟೆ ಇಡುತ್ತವೆ, ಕಾಲ ಕೆಳಗಿಂದ ಬರ್ರನೆ ಹಾರಿದರೆ ಮುಂದಕ್ಕೆ ಹೆಜ್ಜೆ ಇಡದೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಬೇಲಿಯಲ್ಲಿ ಉರುಲು ಕಂಡರೆ ಅರಣ್ಯ ಇಲಾಖೆಯವರಿಗೆ ತಿಳಿಸಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಇದು ಅಪರಾಧ.

ಬೆಟ್ಟದ ಕಡೆ

ಅಂತರಗಂಗೆ, ನಂದಿ, ದೇವರಾಯನದುರ್ಗ, ಇಲ್ಲೆಲ್ಲಾ ಬಂಡೆಗಳ ನಡುವೆ ಕುರುಚಲು ಇದೆ. ಇಲ್ಲಿ ಜೊಂಡಿನ ಬದಲು ತರಗೆಲೆ ನಿಮಗೆ ಸಹಾಯ ಮಾಡುತ್ತದೆ. ಚಳಿಗಾಲದಲ್ಲಿ ನೆರಳಿರುವ ತೊರೆಯ ಪಕ್ಕ ಕೂತು ತರಗೆಲೆಯ ಸದ್ದು ಕೇಳಿ. ಹಲ್ಲಿ, ಓತಿಕ್ಯಾತ ಆದರೆ ಸರ್ರನೆ ಓಡಿ ನಿಲ್ಲುತ್ತದೆ. ಎಲೆ ತಿರುವಿ, ನಿಂತು, ಎರಡು ಕುಪ್ಪಳಿಸಿ, ಮತ್ತೆ ಎಲೆ ತಿರುವಿದ ಸದ್ದಾದರೆ ನವರಂಗ ಇರಬಹುದು. ಸೂರ್ಯ ಹುಟ್ಟುವ ಹೊತ್ತು, ಮುಳುಗುವ ಹೊತ್ತು ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಅಷ್ಟೊಂದು ಬಣ್ಣ ಇಟ್ಟುಕೊಂಡು ನೆರಳಲ್ಲಿ ಹೇಗೆ ಕರಗಿಹೋಗುತ್ತದೆ ಅಂತ ನೋಡಿದರೇ ಗೊತ್ತಾಗುವುದು. ಬಂಡೆ ಮೇಲಿನ ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರವನ್ನೂ ಹುಡುಕಿ, ಅದು ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ.

ಬೆಟ್ಟದಲ್ಲಿ ಅಡಗುವವು ಹಕ್ಕಿಗಳು ಮಾತ್ರ ಅಲ್ಲ. ಚಿರತೆ ಇದೆ, ತುಮಕೂರು ಕಡೆ ಕರಡಿಯೂ ಇದೆ. ಬಂಗಾರಪೇಟೆ, ಮಾಲೂರು ಗಡಿಯ ಊರುಗಳಿಗೆ ಆನೆ ಬಂದು ಹೋಗುತ್ತವೆ, ಊರವರನ್ನು ಕೇಳದೆ ಹೊರಡಬೇಡಿ. ಒಬ್ಬರೇ ಹೋಗಬೇಡಿ, ಬೆಳಕು ಚೆನ್ನಾಗಿ ಹರಿದ ಮೇಲೆ ಹತ್ತಿ, ಕತ್ತಲಾಗುವ ಮುಂಚೆ ಇಳಿಯಿರಿ. ಗುಹೆ, ಬಂಡೆ ಸಂದಿಗೆ ಇಣುಕಬೇಡಿ. ಕೊಳಕುಮಂಡಲ ತರಗೆಲೆಯ ಬಣ್ಣವೇ, ಹಾಗಾಗಿ ಉದ್ದ ಬೂಟು ಹಾಕಿ, ಕೂರುವ ಜಾಗವನ್ನು ಕೋಲಿನಿಂದ ತಟ್ಟಿ ನೋಡಿ ಕೂರಿ. ಕಚ್ಚಿದರೆ ನಾಟಿ ಮದ್ದು ಅಂತ ಹೊತ್ತು ಕಳೆಯದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ತುಮಕೂರಿನವರು ಕಾಡುಪಾಪದ ಬಗ್ಗೆ ಕೇಳುತ್ತಿರುತ್ತಾರೆ. ಸುಮಾರು ಕಾಲು ಕೆಜಿ ತೂಕದ ಈ ಜೀವ ಹಗಲೆಲ್ಲಾ ದಟ್ಟ ಬಳ್ಳಿಯೊಳಗೆ ಉಂಡೆಯಾಗಿ ಮಲಗಿ, ಕತ್ತಲಾದ ಮೇಲೆ ಹುಳ ಹಿಡಿಯೋಕೆ ಹೊರಡುತ್ತದೆ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ರಾತ್ರಿ ಹೋಗುವ ಹಾಗಿಲ್ಲ, ಆದರೆ ಹಳ್ಳಿಯ ಹುಣಸೆ ತೋಪು, ಮರಗಳು ಒತ್ತಾಗಿ ಬೆಳೆದ ಬೇಲಿಗಳಲ್ಲೂ ಅದು ಇರುತ್ತದೆ. ಜಮೀನಿನವರ ಒಪ್ಪಿಗೆ ತೆಗೆದುಕೊಂಡು, ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ, ಕೊಂಬೆಗಳನ್ನು ನಿಧಾನವಾಗಿ ನೋಡಿ. ಹತ್ತಿರ ಹತ್ತಿರ ಎರಡು ಕೆಂಡದಂತೆ ಕಣ್ಣು ಹೊಳೆದರೆ ಅದೇ. ಕಂಡ ತಕ್ಷಣ ಬೆಳಕನ್ನು ಪಕ್ಕಕ್ಕೆ ತಿರುಗಿಸಿ, ಕಣ್ಣಿಗೆ ಹಿಡಿಯಬೇಡಿ, ಫ್ಲಾಶ್ ಬೇಡವೇ ಬೇಡ. ಜಾಗದ ಹೆಸರನ್ನು ಯಾರಿಗೂ ಹೇಳಬೇಡಿ, ಎಲ್ಲೂ ಹಾಕಬೇಡಿ. ಮಾಟಮಂತ್ರಕ್ಕೆ ಅಂತ ಇದನ್ನು ಹಿಡಿಯುವವರು ಇದ್ದಾರೆ. ಅದು ನೆಲಕ್ಕೆ ಇಳಿಯುವುದು ಕಡಿಮೆ, ಕೊಂಬೆಯಿಂದ ಕೊಂಬೆಗೇ ಹೋಗಬೇಕು, ಹಾಗಾಗಿ ನಿಮ್ಮ ಜಮೀನಿನ ಬೇಲಿ ಸಾಲಿನಲ್ಲಿ ಒಂದು ಮರ ಕಡಿಯುವ ಮುಂಚೆ ಇದನ್ನು ನೆನೆಸಿಕೊಳ್ಳಿ.

ಇನ್ನೊಂದು, ಎದ್ದು ಹೋಗುವ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ಹಕ್ಕಿ ಕಂಡಿಯಲ್ಲಿ ನಿಂತಿರುವಾಗ ಎದ್ದರೆ ಅದು ಗಾಬರಿಯಾಗಿ ಓಡುತ್ತದೆ, ನಾಳೆ ಆ ಕಂಡಿಗೆ ಬರೋಕೆ ಹೆದರುತ್ತದೆ. ಬಸ್ಸಿಗೆ ಹೊತ್ತಾದರೂ ಅದು ಜೊಂಡಿನೊಳಗೆ ಹೋಗುವವರೆಗೆ ಕಾಯಿರಿ. ಬಾಲ ಕಣ್ಮರೆಯಾದ ಮೇಲೆ ಇನ್ನೂ ಐದು ನಿಮಿಷ ಬಿಟ್ಟು, ಸ್ಟೂಲ್ ಮಡಚದೆ ಹಾಗೇ ಎತ್ತಿಕೊಂಡು ಏರಿ ಹತ್ತಿ.