‘ಟೇಕ್’ ಅಂದರೆ ಎಲ್ಲಿಗೆ ತಗೊಂಡು ಹೋಗಬೇಕು?

ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ವಾರಕ್ಕೊಂದು ದಿನ, ಎರಡು ಗಂಟೆ, ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಚೀನಾದಿಂದ ಮಕ್ಕಳ ಮನೆಗೆ ಬಂದ ಅಜ್ಜ ಅಜ್ಜಿಯರು. ನಮ್ಮ ಕಡೆಯಿಂದ ಮಗಳ ಬಾಣಂತನಕ್ಕೆಂದು ಬಂದು, ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಾ ಇಲ್ಲೇ ಉಳಿದುಬಿಡುವ ತಾಯಂದಿರ ಹಾಗೆಯೇ ಇವರೂ. ಕೆಲವರು 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಓದು ಅರ್ಧಕ್ಕೆ ನಿಂತುಹೋದವರು. ಅದಕ್ಕೇ ಇರಬೇಕು, ಅವರು ನೋಟ್‌ಬುಕ್ ಹಿಡಿಯುವ ರೀತಿಯಲ್ಲೇ ಒಂದು ಭಕ್ತಿ ಇರುತ್ತದೆ.

ಒಂದು ದಿನ ಅಜ್ಜಿಯೊಬ್ಬರು ಚೀಲದಿಂದ ಮಾತ್ರೆಯ ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಫಾರ್ಮಸಿಯವರು ಅಂಟಿಸಿದ್ದ ಚೀಟಿಯಲ್ಲಿ ‘ಟೇಕ್ ಒನ್ ಟ್ಯಾಬ್ಲೆಟ್ ಟ್ವೈಸ್ ಎ ಡೇ ವಿತ್ ಫುಡ್’ ಎಂದಿತ್ತು. ‘ಟೇಕ್’ ಮೇಲೆ ಬೆರಳಿಟ್ಟು, “ಟೀಚರ್, ಟೇಕ್ ಟು ವೇರ್?” ಎಂದು ಕೇಳಿದರು. ಎಲ್ಲಿಗೆ ತಗೊಂಡು ಹೋಗಬೇಕು ಅಂತ.

ತಪ್ಪು ಅವರದ್ದಲ್ಲ. ಹಿಂದಿನ ವಾರ ನಾನೇ ಬೋರ್ಡಿನ ಮೇಲೆ ಎರಡು ಬಾಣ ಬರೆದಿದ್ದೆ. ‘ಬ್ರಿಂಗ್’ ಅಂದರೆ ಇತ್ತ, ‘ಟೇಕ್’ ಅಂದರೆ ಅತ್ತ. ಅದಕ್ಕೂ ಮೊದಲು ‘ಟೇಕ್’ ಪಕ್ಕದಲ್ಲಿ ‘ನಾ’ ಎಂಬ ಚೀನೀ ಕ್ರಿಯಾಪದ ಬರೆಸಿದ್ದೆ. ‘ನಾ’ ಅಂದರೆ ಕೈಯಲ್ಲಿ ಹಿಡಿ, ಎತ್ತಿಕೋ. ಅಜ್ಜಿ ಎರಡನ್ನೂ ಚೆನ್ನಾಗಿ ಕಲಿತಿದ್ದರು. ಮಾತ್ರೆಯನ್ನು ಊಟದ ಜೊತೆ ಎಲ್ಲಿಗೋ ಒಯ್ಯಬೇಕು ಎಂದು ಅರ್ಥ ಮಾಡಿಕೊಂಡಿದ್ದು ನನ್ನ ಪಾಠದ ಪ್ರಕಾರ ಸರಿಯಾಗಿಯೇ ಇತ್ತು. ಕೇಳದೆ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ಆ ರಾತ್ರಿಯೆಲ್ಲ ಯೋಚಿಸಿದೆ.

ಮನೆಗೆ ಬಂದು ಒಂದು ಹಾಳೆ ತೆಗೆದುಕೊಂಡು, ಅವರ ದಿನದಲ್ಲಿ ‘ಟೇಕ್’ ಎಲ್ಲೆಲ್ಲಿ ಎದುರಾಗುತ್ತದೆ ಎಂದು ಬರೆಯುತ್ತಾ ಹೋದೆ. ಪಕ್ಕದಲ್ಲಿ ಅವರ ಚೀನೀ ಭಾಷೆಯಾದ ಮ್ಯಾಂಡರಿನ್‌ನಲ್ಲಿ ಹೇಗೆ, ಅದರ ಪಕ್ಕದಲ್ಲಿ ಕನ್ನಡದಲ್ಲಿ ಹೇಗೆ. ಇಂಗ್ಲಿಷಿನವರು ಔಷಧವನ್ನು ಟೇಕ್ ಮಾಡಿದರೆ ಚೀನೀಯರು ತಿನ್ನುತ್ತಾರೆ, ‘ಛ್ರ್ ಯಾವ್’; ನಾವು ಮಾತ್ರೆ ನುಂಗುತ್ತೇವೆ. ಬಸ್ಸಿನಲ್ಲಿ ಅವರು ಕೂರುತ್ತಾರೆ, ‘ತ್ಸ್ವೊ’. ನಾವು ಬಸ್ ಹಿಡಿಯುತ್ತೇವೆ. ಟ್ಯಾಕ್ಸಿಯಾದರೆ ಅವರಿಗೆ ‘ದಾ’, ಅಂದರೆ ಹೊಡೆ. ಫೋನಿಗೂ ಅದೇ ‘ದಾ’. ಎತ್ತಿನ ಗಾಡಿ ಹೊಡೆದ, ಈಗ ಫೋನ್ ಹೊಡೆಯುವ ನಮ್ಮವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ರಜೆಯನ್ನು ಅವರು ಕೇಳುತ್ತಾರೆ, ನಾವು ಹಾಕುತ್ತೇವೆ. ಜ್ವರವನ್ನು ಅವರು ಅಳೆಯುತ್ತಾರೆ, ನಾವು ನೋಡುತ್ತೇವೆ. ಫೋಟೋ ಒಂದನ್ನು ಮಾತ್ರ ನಾವು ‘ತೆಗೆ’ಯುತ್ತೇವೆ, ಇಂಗ್ಲಿಷಿಗೆ ಹತ್ತಿರವಾಗಿ.

ಹಾಳೆ ತುಂಬಿದ ಮೇಲೆ ನನಗೆ ಕಂಡಿದ್ದು ಇಷ್ಟು: ‘ಟೇಕ್’ಗೆ ಹನ್ನೆರಡು ಅರ್ಥ ಇವೆ ಎಂದು ನಂಬರ್ ಹಾಕಿ ಕಲಿಸಿದರೆ ಯಾರಿಗೂ ಉಪಯೋಗವಿಲ್ಲ. ಅದರ ಪಕ್ಕದಲ್ಲಿ ಕೂತ ನಾಮಪದವೇ ಅರ್ಥ ಹೇಳುತ್ತದೆ. ಟ್ಯಾಬ್ಲೆಟ್ ಇದ್ದರೆ ನುಂಗು, ಟ್ರ್ಯಾಮ್ ಇದ್ದರೆ ಹತ್ತು, ಶವರ್ ಇದ್ದರೆ ಸ್ನಾನ. ಅಂದಿನಿಂದ ಒಂಟಿ ‘ಟೇಕ್’ ಅನ್ನು ಬೋರ್ಡಿನ ಮೇಲೆ ಬರೆಯುವುದನ್ನೇ ಬಿಟ್ಟೆ. ಮನೆಯಿಂದ ವಸ್ತುಗಳನ್ನೇ ತರಲು ಹೇಳಿದೆ. ಮಾತ್ರೆ ಡಬ್ಬಿ, ಬಸ್ಸು ಟ್ರ್ಯಾಮಿಗೆ ಬಳಸುವ ಮೈಕಿ ಕಾರ್ಡ್, ಡಾಕ್ಟರ್ ಅಪಾಯಿಂಟ್‌ಮೆಂಟ್ ಚೀಟಿ, ಮೊಮ್ಮಗನ ಸ್ಕೂಲ್ ಬ್ಯಾಗ್. ವಾರಕ್ಕೆ ‘ಟೇಕ್’ ಮತ್ತು ನಾಮಪದದ ಎರಡೇ ಜೋಡಿ. ಮೈಕಿ ಕಾರ್ಡ್ ಹಿಡಿದವರು ‘ಐ ಟೇಕ್ ದಿ ಒನ್ ನಾಟ್ ನೈನ್ ಟ್ರ್ಯಾಮ್’ ಎನ್ನಬೇಕು. 109 ಇಲ್ಲಿಂದಲೇ ಹೊರಡುವ ಟ್ರ್ಯಾಮ್ ಆದ್ದರಿಂದ ಎಲ್ಲರಿಗೂ ಅದು ಸ್ವಂತ ವಾಕ್ಯ.

‘ಐ ಈಟ್ ಮೆಡಿಸಿನ್’ ಎಂದರೆ ನಾನು ತಿದ್ದಲು ಆತುರಪಡುವುದಿಲ್ಲ. ಇಲ್ಲಿನ ಯಾವ ಫಾರ್ಮಸಿಯವರಿಗೂ ಅದು ಅರ್ಥವಾಗುತ್ತದೆ. ಚೀಟಿಯ ಮೇಲಿನ ‘ಟೇಕ್’ ಇವರಿಗೆ ಅರ್ಥವಾಗುವುದು ಮುಖ್ಯ. ಆಡುವ ಮಾತಿಗಿಂತ ಓದುವ ಮತ್ತು ಕೇಳುವ ಮಾತನ್ನು ಮೊದಲು ಭದ್ರ ಮಾಡಬೇಕು ಎನ್ನುವುದು ಈ ವಯಸ್ಸಿನವರ ಮಟ್ಟಿಗೆ ನನ್ನ ಗಟ್ಟಿ ಅಭಿಪ್ರಾಯ.

ಬಾಣದ ಪಾಠವನ್ನೂ ಮತ್ತೆ ಮಾಡಬೇಕಿತ್ತು, ಏಕೆಂದರೆ ‘ಐ ಟೇಕ್ ಮೈ ಗ್ರಾಂಡ್‌ಸನ್ ಕಮ್ ಹಿಯರ್’ ಎನ್ನುವುದು ತರಗತಿಯಲ್ಲಿ ಪ್ರತಿ ವಾರವೂ ಕೇಳುತ್ತಿತ್ತು. ಇಲ್ಲಿ ನನಗೆ ಕನ್ನಡ ಕೈಹಿಡಿಯಿತು. ಮ್ಯಾಂಡರಿನ್‌ನಲ್ಲಿ ‘ದಾಯ್’ ಎಂದರೆ ಜೊತೆಗೆ ಒಯ್ಯುವುದು. ಅದಕ್ಕೆ ‘ಲಾಯ್’ ಸೇರಿಸಿದರೆ ಇತ್ತ, ‘ಛ್ಯೂ’ ಸೇರಿಸಿದರೆ ಅತ್ತ. ಲಾಯ್ ಅಂದರೆ ಬಾ, ಛ್ಯೂ ಅಂದರೆ ಹೋಗು. ತಗೊಂಡು ಬಾ, ತಗೊಂಡು ಹೋಗು! ನಾವು ಎರಡು ಕ್ರಿಯಾಪದ ಜೋಡಿಸಿ ಹೇಳುವುದನ್ನು ಅವರೂ ಜೋಡಿಸಿಯೇ ಹೇಳುತ್ತಾರೆ. ಇಂಗ್ಲಿಷ್ ಮಾತ್ರ ಪ್ರತಿಯೊಂದನ್ನೂ ಒಂದೇ ಪದದಲ್ಲಿ ಮುಗಿಸುತ್ತದೆ. ಹಾಗಾಗಿ ‘ಟೇಕ್ ಕಮ್’ ಎಂದವರು ದಿಕ್ಕು ತಪ್ಪಿಲ್ಲ, ದಿಕ್ಕನ್ನು ತಮ್ಮ ಭಾಷೆಯಂತೆ ಬೇರೆ ಪದದಲ್ಲಿ ಹೇಳುತ್ತಿದ್ದಾರೆ. ‘ದಾಯ್ ಲಾಯ್’ ಇದ್ದಲ್ಲಿ ಬ್ರಿಂಗ್, ‘ದಾಯ್ ಛ್ಯೂ’ ಇದ್ದಲ್ಲಿ ಟೇಕ್ ಎಂದು ಅವರ ಪದಗಳಿಂದಲೇ ಶುರುಮಾಡಿದೆ. ನನ್ನ ಬಾಣಗಳಿಗಿಂತ ಇದು ಎಷ್ಟೋ ಬೇಗ ನಿಂತಿತು.

ಇನ್ನೊಂದು ಸಂಗತಿಯಲ್ಲಿ ಅವರು ನಮಗಿಂತ ಇಂಗ್ಲಿಷಿಗೆ ಹತ್ತಿರ. ಕನ್ನಡದಲ್ಲಿ ಛತ್ರಿಯನ್ನು ತಗೊಂಡು ಹೋಗುತ್ತೇವೆ, ಮಗುವನ್ನು ಕರಕೊಂಡು ಹೋಗುತ್ತೇವೆ. ‘ದಾಯ್’ಗೆ ‘ಟೇಕ್’ನಂತೆಯೇ ಆ ಭೇದ ಇಲ್ಲ.

ಉಚ್ಚಾರಣೆಯಲ್ಲಿ ಮ್ಯಾಂಡರಿನ್ ಮಾತನಾಡುವವರಿಗೆ ಕೊನೆಯ ‘ಕ್’ ಕಷ್ಟ, ಏಕೆಂದರೆ ಅವರ ಭಾಷೆಯಲ್ಲಿ ಯಾವ ಪದವೂ ಹಾಗೆ ಮುಗಿಯುವುದಿಲ್ಲ. ‘ಟೇ’ ಎಂದು ನಿಲ್ಲುತ್ತಾರೆ, ಇಲ್ಲವೇ ನಾವು ಬಸ್ಸು, ಕಾರು ಎನ್ನುವ ಹಾಗೆ ಕೊನೆಗೊಂದು ಸ್ವರ ಸೇರಿಸುತ್ತಾರೆ. ಇನ್ನೊಂದು ಚೀನೀ ಭಾಷೆಯಾದ ಕ್ಯಾಂಟನೀಸ್‌ನವರಿಗೆ ಈ ತೊಂದರೆ ಕಡಿಮೆ; ‘ಕ್’ನಲ್ಲಿ ಮುಗಿಯುವ ಪದಗಳು ಅವರಲ್ಲಿವೆ. ‘ಟೇಕ್’ನ ಭೂತಕಾಲವಾದ ‘ಟುಕ್’ ಬೇರೆ ಕಷ್ಟ. ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ‘ನಿನ್ನೆ’ ಅಂದಮೇಲೆ ಮುಗಿಯಿತು. ಇದಕ್ಕೆ ಅಭ್ಯಾಸ ಬಿಟ್ಟು ಬೇರೆ ದಾರಿ ನನಗೆ ಸಿಕ್ಕಿಲ್ಲ.

ಕ್ಲಿನಿಕ್ಕಿನ ಕೌಂಟರ್‌ನಲ್ಲಿ ಕೇಳಿಸುವ ಎರಡು ಮಾತುಗಳಿಗೆ ಮಾತ್ರ ಒಂದು ಇಡೀ ದಿನ ಕೊಟ್ಟೆ. ಅಜ್ಜರೊಬ್ಬರು ಫಾರ್ಮ್ ತುಂಬಿಸುತ್ತಿದ್ದಾಗ ಅಲ್ಲಿದ್ದವರು ‘ಟೇಕ್ ಯುವರ್ ಟೈಮ್’ ಎಂದರಂತೆ. ತನ್ನಿಂದ ಸಮಯ ಹಾಳಾಗುತ್ತಿದೆ ಎಂದು ಗದರಿದರು ಅಂದುಕೊಂಡು, ಕ್ಷಮೆ ಕೇಳಿ, ಅರ್ಧ ತುಂಬಿದ ಫಾರ್ಮ್ ಹಿಡಿದು ಮನೆಗೆ ಬಂದುಬಿಟ್ಟರು. ‘ಅದು ನಿಮ್ಮ ಮನ್ ಮನ್ ಲಾಯ್, ನಿಧಾನಕ್ಕೆ ಆಗಲಿ ಅಂದಿದ್ದು’ ಎಂದು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ‘ಟೇಕ್ ಎ ಸೀಟ್’ ಎಂದರೆ ಕುರ್ಚಿ ಎತ್ತಿಕೊಳ್ಳುವುದಲ್ಲ, ಕೂತುಕೊಳ್ಳಿ ಎನ್ನುವುದನ್ನೂ ಅಂದೇ ಹೇಳಿದೆ. ಬೇರೇನೂ ಕಲಿಯದಿದ್ದರೂ ಇವೆರಡು ಮರ್ಯಾದೆಯ ಮಾತುಗಳು ಬೈಗುಳವಾಗಿ ಕೇಳಿಸಬಾರದು.

ಹೆಚ್ಚು ವಾರ ಹಿಡಿದದ್ದು ‘ಇಟ್ ಟೇಕ್ಸ್’. ‘ಐ ಟೇಕ್ ಟೆನ್ ಮಿನಿಟ್ಸ್’, ‘ಟು ಸ್ಟೇಷನ್ ನೀಡ್ ಟೆನ್ ಮಿನಿಟ್ಸ್’ ಎಂದು ಬರುತ್ತಿತ್ತು. ಮ್ಯಾಂಡರಿನ್‌ನಲ್ಲಿ ‘ಮನೆಯಿಂದ ಸ್ಟೇಷನ್‌ಗೆ ಯಾವ್ ಹತ್ತು ನಿಮಿಷ’ ಎನ್ನುತ್ತಾರೆ. ಈ ‘ಯಾವ್’ ನಮ್ಮ ‘ಬೇಕು’. ಹತ್ತು ನಿಮಿಷ ಬೇಕು ಎನ್ನಲು ನಮಗೂ ಅವರಿಗೂ ‘ಇಟ್’ ಎಂಬ ಕರ್ತೃ ಬೇಡ. ಇಂಗ್ಲಿಷಿನಲ್ಲಿ ಆ ಜಾಗ ಖಾಲಿ ಬಿಡುವಂತಿಲ್ಲ. ವಿವರಿಸಿ ಪ್ರಯೋಜನವಾಗಲಿಲ್ಲ. ಕೊನೆಗೆ ಮನೆಪಾಠ ಕೊಟ್ಟೆ: ವಾರವೆಲ್ಲ ಎಲ್ಲಿಗೆ ಹೋದರೂ ಗಡಿಯಾರ ನೋಡಿ ಬರೆದುಕೊಂಡು ಬನ್ನಿ, ಪ್ರತಿ ಸಾಲೂ ‘ಇಟ್ ಟೇಕ್ಸ್’ ಎಂದೇ ಶುರುವಾಗಬೇಕು.

ಮುಂದಿನ ವಾರ ಮಾತ್ರೆ ಡಬ್ಬಿಯ ಅಜ್ಜಿ ಮೊದಲು ಕೈಯೆತ್ತಿದರು. ಮನೆಯಿಂದ ಪಾರ್ಕಿಗೆ ಹೋಗುವ ಲೆಕ್ಕ. “ಗ್ರಾಂಡ್‌ಸನ್ ಸ್ಲೀಪ್, ಇಟ್ ಟೇಕ್ಸ್ ಟೆನ್ ಮಿನಿಟ್ಸ್. ಗ್ರಾಂಡ್‌ಸನ್ ವಾಕ್, ಇಟ್ ಟೇಕ್ಸ್ ಫಾರ್ಟಿ.” ತಳ್ಳುಗಾಡಿಯಲ್ಲಿ ಮಲಗಿದ್ದರೆ ಹತ್ತು, ದಾರಿಯ ಒಂದೊಂದು ಎಲೆಯನ್ನೂ ಹೆಕ್ಕುತ್ತಾ ನಡೆದರೆ ನಲವತ್ತು. ‘ಸ್ಲೀಪ್’, ‘ವಾಕ್’ ಎರಡೂ ತಪ್ಪಾಗಿದ್ದವು. ಅಂದು ತಿದ್ದಲಿಲ್ಲ. ಎರಡು ಸಲವೂ ‘ಇಟ್ ಟೇಕ್ಸ್’ ಸರಿಯಾಗಿತ್ತು, ‘ಕ್’ ಕೂಡ ಕೇಳಿಸಿತ್ತು.