ದಾರಿ ಮುಚ್ಚಿದಾಗ ಮಲೆನಾಡ ಮನೆ: ಪುಷ್ಯ, ಆಶ್ಲೇಷ ಮಳೆಗೆ ಹತ್ತು ದಿನದ ತಯಾರಿ

ಸಕಲೇಶಪುರ, ಮೂಡಿಗೆರೆ, ಕಳಸ, ಕೊಪ್ಪದ ಕಡೆ ದೊಡ್ಡ ಗಾಳಿಮಳೆ ಹಿಡಿದರೆ ಯಾವುದು ಯಾವಾಗ ಕೈಕೊಡುತ್ತದೆ ಎಂಬುದು ಹೆಚ್ಚುಕಮ್ಮಿ ಗೊತ್ತಿರುವುದೇ. ಮೊದಲು ಕರೆಂಟು, ಅದರ ಹಿಂದೆಯೇ ಮೊಬೈಲ್ ಟವರು, ಆಮೇಲೆ ದಾರಿ, ಕೊನೆಗೆ ಬಾವಿ ನೀರು. ತಯಾರಿಯೂ ಅದೇ ಕ್ರಮದಲ್ಲಿರಲಿ. ಜುಲೈ 20ರ ಸುಮಾರಿಗೆ ಪುಷ್ಯ ಹುಟ್ಟುತ್ತದೆ, ಆಗಸ್ಟ್ 3ರ ಸುಮಾರಿಗೆ ಆಶ್ಲೇಷ. ಕರಾವಳಿಗೆ ಇಳಿಯುವ ಶಿರಾಡಿ ಘಾಟಿ ಮುಚ್ಚಿದ 2018ರ ಮಳೆ, ಚಾರ್ಮಾಡಿ ಘಾಟಿ ಮುಚ್ಚಿದ 2019ರ ಮಳೆ ಎರಡೂ ಆಗಸ್ಟಿನವು. ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣು ಜಾರಿದ್ದು 2024ರ ಜುಲೈ ಕೊನೆಯಲ್ಲಿ. ಹಾಗಾಗಿ ಇಲ್ಲಿ ಹೇಳುವ ಕೆಲಸದಲ್ಲಿ ಮುಕ್ಕಾಲು ಪಾಲು ಜೂನ್ ಕೊನೆಯ ಆರಿದ್ರಾ ಮಳೆ ಹಿಡಿಯುವ ಮೊದಲೇ ಮುಗಿದಿರಬೇಕು. ಮಳೆ ಹಿಡಿದ ಮೇಲೆ ಮಾಡಲು ಉಳಿಯುವ ದೊಡ್ಡ ಕೆಲಸ ಒಂದೇ, ಮನೆಯಲ್ಲಿ ಕೂರುವುದು.

ಮರ ಮತ್ತು ತಂತಿ

ಕರೆಂಟು ಹೋಗುವುದು ಮಳೆಯಿಂದಲ್ಲ, ಮರದಿಂದ. ತೋಟದ ಸಿಲ್ವರ್ ಓಕ್ ಮರ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ, ಆದರೆ ಪೆಡಸು. ಗಾಳಿಗೆ ಬಾಗುವ ಬದಲು ಲಟಕ್ಕನೆ ಮುರಿಯುತ್ತದೆ. ಮನೆ, ಕೊಟ್ಟಿಗೆ, ತಂತಿಯಿಂದ ತನ್ನ ಎತ್ತರದಷ್ಟು ದೂರದೊಳಗೆ ನಿಂತಿರುವ ಪ್ರತಿ ಮರವೂ ಲೆಕ್ಕಕ್ಕೆ ಬಂತು. ಎತ್ತರ ಅಳೆಯುವುದು ಸುಲಭ. ಕಣ್ಣಿನಿಂದ ಚಾಚಿದ ಮುಷ್ಟಿಯವರೆಗೆ ಎಷ್ಟು ದೂರವೋ ಅಷ್ಟುದ್ದ ಕೋಲು ಮುಷ್ಟಿಯ ಮೇಲೆ ನಿಲ್ಲುವಂತೆ ನೆಟ್ಟಗೆ ಹಿಡಿಯಿರಿ. ಕೋಲಿನ ಬುಡ ಮರದ ಬುಡಕ್ಕೂ ತುದಿ ಮರದ ತುದಿಗೂ ಸರಿಹೊಂದುವ ತನಕ ಹಿಂದೆ ನಡೆಯಿರಿ. ನೀವು ನಿಂತ ಜಾಗದಿಂದ ಮರಕ್ಕೆ ಎಷ್ಟು ದೂರವೋ ಮರ ಹೆಚ್ಚುಕಮ್ಮಿ ಅಷ್ಟೆತ್ತರ.

ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡಿಸುವಾಗ ಏಣಿಗೆ ಎಟುಕಿದ ಒಂದೇ ಬದಿಯ ಕೊಂಬೆ ತೆಗೆಸಿ ಬಿಡಬೇಡಿ. ಭಾರ ಇನ್ನೊಂದು ಬದಿಗೆ ವಾಲಿ, ಬೀಳದ ಮರವೂ ಬೀಳುತ್ತದೆ. ತಂತಿಗೆ ತಾಗುವ ಕೊಂಬೆಯನ್ನು ಸ್ವಂತ ಆಳಿನಿಂದ ಕಡಿಸುವುದು ಬೇಡವೇ ಬೇಡ. ಹಾಸನದವರು ಚೆಸ್ಕಾಂ, ಚಿಕ್ಕಮಗಳೂರಿನವರು ಮೆಸ್ಕಾಂ ಶಾಖಾ ಕಚೇರಿಗೆ ಮೇ ತಿಂಗಳಲ್ಲೇ ಅರ್ಜಿ ಕೊಟ್ಟು, ಲೈನ್ ಆಫ್ ಮಾಡಿಸಿ ಕಡಿಸಿ. ಜುಲೈನಲ್ಲಿ ಕೇಳಿದರೆ ಲೈನ್‌ಮ್ಯಾನ್ ಇಪ್ಪತ್ತು ಕಡೆ ಓಡಾಡುತ್ತಿರುತ್ತಾರೆ.

ತಂತಿ ಹರಿದು ಬಿದ್ದರೆ ಕನಿಷ್ಠ 10 ಮೀಟರ್ ದೂರ ನಿಂತು 1912ಕ್ಕೆ ಕರೆ ಮಾಡಿ. ಒದ್ದೆ ನೆಲದಲ್ಲಿ ಕರೆಂಟು ಹರಡಿರುತ್ತದೆ, ಆದ್ದರಿಂದ ದೊಡ್ಡ ಹೆಜ್ಜೆ ಹಾಕದೆ ಎರಡೂ ಪಾದ ನೆಲಕ್ಕೆ ಸವರಿಕೊಂಡೇ ಹಿಂದೆ ಸರಿಯಿರಿ. ತಂತಿ ಬಿದ್ದಿದ್ದು ಮುಳ್ಳುತಂತಿ ಬೇಲಿಯ ಮೇಲಾದರೆ ಅಪಾಯ ಬೇಲಿ ಹೋದಷ್ಟು ದೂರವೂ ಇದೆ. ದನ ಬಿಡುವ ಮುಂಚೆ ಇದನ್ನು ನೋಡಿಕೊಳ್ಳಿ.

ದಾರಿಗೆ ಅಡ್ಡ ಬಿದ್ದ ಮರ ಕುಯ್ಯುವಾಗ ಗರಗಸ ಸಿಕ್ಕಿಹಾಕಿಕೊಳ್ಳುವುದು, ದಿಮ್ಮಿ ಸಿಡಿಯುವುದು ಎರಡಕ್ಕೂ ಕಾರಣ ಒಂದೇ, ಬಿಗಿತ ಯಾವ ಕಡೆ ಇದೆ ಎಂದು ನೋಡದಿರುವುದು. ದಿಮ್ಮಿಯ ಎರಡೂ ತುದಿಗೆ ಆಸರೆಯಿದ್ದು ನಡು ತೂಗುತ್ತಿದ್ದರೆ ಮೊದಲು ಮೇಲಿನಿಂದ ಮೂರನೇ ಒಂದು ಭಾಗ ಕುಯ್ದು, ಉಳಿದದ್ದನ್ನು ಕೆಳಗಿನಿಂದ. ಒಂದೇ ತುದಿಗೆ ಆಸರೆಯಿದ್ದು ಇನ್ನೊಂದು ಗಾಳಿಯಲ್ಲಿದ್ದರೆ ಇದಕ್ಕೆ ತಿರುಗುಮುರುಗು. ಬುಡ ಸಮೇತ ಕಿತ್ತುಬಂದ ಮರದ ಬೇರುಗಡ್ಡೆಯ ಹಿಂದೆ ಯಾರೂ ನಿಲ್ಲಬಾರದು. ದಿಮ್ಮಿ ಕುಯ್ದ ಕೂಡಲೇ ಅದು ವಾಪಸ್ ಗುಂಡಿಗೆ ಕೂತುಬಿಡಬಹುದು.

ಬೆಳಕು, ಫೋನು

12 ವೋಲ್ಟಿನ 150 ಎಎಚ್ ಇನ್ವರ್ಟರ್ ಬ್ಯಾಟರಿಯಿಂದ ನಿಜವಾಗಿ ಸಿಗುವುದು 850 ವ್ಯಾಟ್-ಅವರ್ ಆಸುಪಾಸು. 9 ವ್ಯಾಟಿನ ನಾಲ್ಕು ಬಲ್ಬು, ಜೊತೆಗೆ ಒಂದೆರಡು ಫೋನ್ ಚಾರ್ಜು ಎಂದರೆ 50 ವ್ಯಾಟ್, ಅಂದರೆ 17 ತಾಸು. ದಿನಕ್ಕೆ ನಾಲ್ಕೇ ತಾಸು ಉರಿಸಿದರೆ ನಾಲ್ಕು ರಾತ್ರಿ. ಹತ್ತು ದಿನಕ್ಕೆ ಸಾಲದು ಎಂಬುದು ಲೆಕ್ಕದಲ್ಲೇ ಕಾಣುತ್ತದಲ್ಲ, ಆದ್ದರಿಂದ ಎರಡನೇ ದಿನದಿಂದ ಅಡುಗೆಮನೆಗೊಂದು ಬಲ್ಬು ಸಾಕು. ಫ್ರಿಜ್ಜು ಇನ್ವರ್ಟರ್ ಲೈನಿನಲ್ಲಿ ಇರಲೇಬಾರದು.

ಜನರೇಟರ್ ಇರುವವರು ಹೊರಗಿನ ಲೈನನ್ನು ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗಿಗೆ ಕೊಟ್ಟರೆ ಕರೆಂಟು ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ಮೂಲಕ ಏರಿ, ದೂರದಲ್ಲಿ ಕಂಬ ಹತ್ತಿದವರನ್ನು ಕೊಲ್ಲುತ್ತದೆ. ಜನರೇಟರ್ ಮನೆಯೊಳಗೆ ಬೇಡ, ಜಗುಲಿಯಲ್ಲೂ ಬೇಡ. ಬೆಚ್ಚಗಿರಲಿ ಎಂದು ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಳ್ಳುವುದೂ ಅಷ್ಟೇ ಕೆಟ್ಟದ್ದು. ಆ ಹೊಗೆಯಲ್ಲಿ ಕಣ್ಣಿಗೆ ಕಾಣದ, ಮೂಗಿಗೆ ತಾಗದ ವಿಷಾನಿಲ ಇರುತ್ತದೆ.

ಸಿಗ್ನಲ್ ಹುಡುಕುತ್ತಾ ಹುಡುಕುತ್ತಾ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ. ಏರೋಪ್ಲೇನ್ ಮೋಡಿನಲ್ಲಿಟ್ಟು, ಬೆಳಗ್ಗೆ ಸಂಜೆ ಹೊತ್ತು ಗೊತ್ತುಮಾಡಿಕೊಂಡು ಹತ್ತು ನಿಮಿಷ ತೆರೆಯಿರಿ. ಪರಊರಿನಲ್ಲಿರುವ ಮಕ್ಕಳಿಗೆ ಆ ಹೊತ್ತು ಮೊದಲೇ ತಿಳಿಸಿದ್ದರೆ ಅವರೂ ಗಾಬರಿಯಾಗುವುದಿಲ್ಲ. ಸೆಲ್ ಹಾಕುವ ರೇಡಿಯೋ ಒಂದಿದ್ದರೆ ಹಾಸನ ಆಕಾಶವಾಣಿ ಹಿಡಿಯುವ ಕಡೆ ರಜೆ, ದಾರಿ, ಡ್ಯಾಂ ಸುದ್ದಿ ಸಿಗುತ್ತದೆ. ಜಿಲ್ಲಾ ಕಂಟ್ರೋಲ್ ರೂಂ 1077, ಆಂಬುಲೆನ್ಸ್ 108, ಪೊಲೀಸ್ ಮತ್ತು ಅಗ್ನಿಶಾಮಕ 112. ಇವು ಗೋಡೆಯ ಮೇಲೆ ಬರೆದಿರಲಿ.

ದಾರಿ

ಶಿರಾಡಿ ಮುಚ್ಚಿದರೆ ಚಾರ್ಮಾಡಿ ಇದೆಯಲ್ಲ ಎಂಬ ಲೆಕ್ಕ ಹಾಕಬೇಡಿ. ಎರಡಕ್ಕೂ ಬೀಳುವುದು ಒಂದೇ ಮಳೆ, ಎರಡೂ ಒಟ್ಟಿಗೇ ಮುಚ್ಚಬಹುದು. ಮೂರನೆಯದಾದ ಬಿಸಿಲೆ ಘಾಟಿಯ ದಾರಿ ಕಿರಿದು. ಆಸ್ಪತ್ರೆಗೆ ಮಂಗಳೂರಿಗೇ ಹೋಗಿ ರೂಢಿಯಾದವರು ಜುಲೈ, ಆಗಸ್ಟಿಗೆ ಹಾಸನವನ್ನೋ ಚಿಕ್ಕಮಗಳೂರನ್ನೋ ಗೊತ್ತುಮಾಡಿಕೊಂಡು, ಹಳೆಯ ಚೀಟಿಗಳ ಜೆರಾಕ್ಸ್ ಜೊತೆಗಿಟ್ಟುಕೊಳ್ಳಿ. ಹೆರಿಗೆಗೆ ಮೂರು ವಾರ ಇದ್ದವರು, ಡಯಾಲಿಸಿಸ್ ಮಾಡಿಸುವವರು ಪೇಟೆಯಲ್ಲಿ ನೆಂಟರ ಮನೆಗೆ ಮೊದಲೇ ಹೋಗಿರುವುದು ವಾಸಿ. ಬಿಪಿ, ಸಕ್ಕರೆ ಮಾತ್ರೆ 15 ದಿನದ್ದು ಕೈಯಲ್ಲಿರಲಿ.

ಕಳಸ–ಹೊರನಾಡು ನಡುವಿನ ಹೆಬ್ಬಾಳೆಯಂಥ ತಗ್ಗಿನ ಸೇತುವೆಗಳ ಮೇಲೆ ನೀರು ಹರಿಯುವಾಗ, ಆಳ ಅಷ್ಟೇನಿಲ್ಲ ಎನ್ನುವ ಧೈರ್ಯವೇ ಮೋಸ. ಸೆಳೆತವಿದ್ದರೆ ಅರ್ಧ ಅಡಿ ನೀರು ನಿಂತವರ ಕಾಲು ಕೀಳುತ್ತದೆ, ಒಂದಡಿ ಸಣ್ಣ ಕಾರನ್ನು ಎತ್ತುತ್ತದೆ, ಎರಡಡಿಯಲ್ಲಿ ಜೀಪೂ ಹೋಗುತ್ತದೆ. ಕೆಂಪು ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ ಎನ್ನುವುದೂ ಮೇಲಿಂದ ಕಾಣುವುದಿಲ್ಲ.

ಧರೆ ಕುಸಿಯುವ ಮುನ್ನ

ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ, ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳುತ್ತದೆ. 24 ತಾಸಿಗೆ 64.5 ಮಿ.ಮೀ. ದಾಟಿದರೆ ಭಾರಿ, ಅಂದರೆ ಎರಡೂವರೆ ಇಂಚು. 115.6ರಿಂದ ಅತಿ ಭಾರಿ, ನಾಲ್ಕೂವರೆ ಇಂಚು. 204.4 ಮೀರಿದರೆ ಅತ್ಯಂತ ಭಾರಿ, ಎಂಟು ಇಂಚು. ಗುಡ್ಡದ ಮಟ್ಟಿಗೆ ಒಂದು ದಿನದ ಅಂಕಿ ಅರ್ಧ ಕಥೆ ಮಾತ್ರ. ಹಿಂದಿನ ಮೂರು ನಾಲ್ಕು ದಿನದ ಮೊತ್ತ ಕೂಡಿಸಿ ನೋಡಿ. ನೆಂದು ತುಂಬಿದ ಮಣ್ಣಿಗೆ ಮತ್ತೆ ನಾಲ್ಕು ಇಂಚು ಬಿದ್ದರೂ ಸಾಕು.

ಮನೆ ಕಟ್ಟಲು ಗುಡ್ಡ ಕಡಿದು ಧರೆ, ಅಂದರೆ ಕಡಿದ ಮಣ್ಣಿನ ಗೋಡೆ, ನೆಟ್ಟಗೆ ನಿಲ್ಲಿಸಿದ ಕಡೆಯೇ ಹೆಚ್ಚು ಭಯ. ಧರೆಯ ನೆತ್ತಿಯಿಂದ ಎರಡು ಮೂರು ಮೀಟರ್ ಹಿಂದೆ ಬಸಿಗಾಲುವೆ ತೆಗೆದು, ನೀರನ್ನು ಪಕ್ಕಕ್ಕೆ ತಿರುಗಿಸಿ, ಮಳೆಗಾಲದುದ್ದಕ್ಕೂ ತರಗೆಲೆ ತೆಗೆಯುತ್ತಿರಿ. ಕಾಲುವೆ ಕಟ್ಟಿ ನೀರು ನಿಂತರೆ ಅದೇ ಇಂಗುಗುಂಡಿಯಾಗಿ ಧರೆಯನ್ನು ಉರುಳಿಸುತ್ತದೆ. ಅದೇ ಕಾರಣಕ್ಕೆ ಮನೆಯ ಮೇಲ್ಭಾಗದ ಇಳಿಜಾರಿನಲ್ಲಿ ಇಂಗುಗುಂಡಿ, ಕೃಷಿಹೊಂಡ ಬೇಡ. ಬೇರೆ ಕಡೆ ಎಷ್ಟೇ ಒಳ್ಳೆಯದಾಗಲಿ.

ನೋಡಬೇಕಾದ ಸೂಚನೆ ಇವು: ನೆಲದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ವಾಲಿದ ಕಂಬ, ಇಲ್ಲದ ಕಡೆ ಎದ್ದ ಒರತೆ, ತಿಳಿಯಾಗಿದ್ದ ಒರತೆ ಕೆಂಪಾಗುವುದು. ಎಲ್ಲಕ್ಕಿಂತ ಕೆಟ್ಟದ್ದು, ಮಳೆ ಸುರಿಯುತ್ತಲೇ ಇದ್ದರೂ ಹಳ್ಳದ ನೀರು ಇಳಿಯುವುದು. ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿದೆ ಎಂದು ಅರ್ಥ. ಬಿರುಕು ಮಾತ್ರ ಕಂಡರೆ ಟಾರ್ಪಾಲು ಹೊದಿಸಿ, ಅಂಚಿಗೆ ಮರಳು ಚೀಲ ಇಟ್ಟು, ಕತ್ತಲಾಗುವ ಮೊದಲು ಬೇರೆ ಮನೆಗೆ ಹೋಗಿ. ಹಳ್ಳ ಇಳಿದರೆ, ಗುಡ್ಡದಲ್ಲಿ ಸದ್ದು ಕೇಳಿದರೆ ಟಾರ್ಪಾಲು ಹುಡುಕುತ್ತಾ ನಿಲ್ಲಬೇಡಿ. ಹಳ್ಳದ ಗುಂಟ ಕೆಳಗೆ ಓಡದೆ, ಪಕ್ಕದ ದಿಣ್ಣೆ ಹತ್ತಿ. ದನಗಳ ಹಗ್ಗ ಬಿಚ್ಚಿಬಿಟ್ಟರೆ ಅವು ತಮ್ಮ ದಾರಿ ತಾವು ನೋಡಿಕೊಳ್ಳುತ್ತವೆ.

ಅಕ್ಕಿ, ಸೌದೆ, ನೀರು

ಇದರಲ್ಲಿ ಮಲೆನಾಡಿನವರಿಗೆ ಹೇಳಿಕೊಡುವಂಥದ್ದು ಕಮ್ಮಿ. ಐದು ಜನಕ್ಕೆ ಹತ್ತು ದಿನಕ್ಕೆ ಅಕ್ಕಿ 20 ಕೆಜಿ, ಬೇಳೆ ಹುರುಳಿ ಸೇರಿ 3 ಕೆಜಿ. ಒಣಮೀನು, ಹಲಸಿನ ಬೀಜ, ಉಪ್ಪಿನಕಾಯಿ ಹೇಗೂ ಇರುತ್ತದೆ. ಹಸುವೊಂದಕ್ಕೆ ದಿನಕ್ಕೆ 6 ಕೆಜಿ ಒಣಹುಲ್ಲು ಹಿಡಿಯಿರಿ. ಗ್ಯಾಸ್ ಗಾಡಿ ಬಾರದ ವಾರಕ್ಕೆ ಬಚ್ಚಲೊಲೆಯ ಪಕ್ಕ ಒಣಸೌದೆ ಬೇಕು.

ಬಾವಿಗೆ ಕೆಂಪು ನೀರು ಇಳಿದಿದ್ದರೆ ತಿಳಿಯಾಗುವವರೆಗೆ ಔಷಧಿ ಹಾಕಿ ಪ್ರಯೋಜನವಿಲ್ಲ. ಅಲ್ಲಿಯವರೆಗೆ ಬಟ್ಟೆ ನಾಲ್ಕು ಮಡಿಕೆ ಮಾಡಿ ಸೋಸಿ, ಕೊತಕೊತ ಕುದಿಸಿಯೇ ಕುಡಿಯಬೇಕು. ತಿಳಿಯಾದ ಮೇಲೆ 1000 ಲೀಟರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9400 ಲೀಟರ್, ಅಂದರೆ 24 ಗ್ರಾಂ. ಬಕೆಟ್ಟಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು, ತಳದ ಸುಣ್ಣ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಡಿ. ಒಂದು ತಾಸಿನ ನಂತರ ಬಳಸಬಹುದು. ಬಾಯಿ ತೆರೆದಿಟ್ಟ ಹಳೇ ಪೊಟ್ಟಣದಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಅದನ್ನು ಅಳೆದು ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಮಳೆ ಬಿಟ್ಟ ಮೇಲೆ ಮುರಿದ ಹೆಂಚು, ಬಿದ್ದ ಗೋಡೆ, ಮಣ್ಣು ಮುಚ್ಚಿದ ಗಿಡ ಇದ್ದದ್ದು ಇದ್ದಂತೆಯೇ ಫೋಟೋ ತೆಗೆದು, ಆಮೇಲೆ ಕೈಹಾಕಿ. ಗ್ರಾಮ ಆಡಳಿತಾಧಿಕಾರಿ ಬಂದು ಮಹಜರು ಮಾಡುವ ಹೊತ್ತಿಗೆ ಎಲ್ಲ ಗುಡಿಸಿ ಅಚ್ಚುಕಟ್ಟಾಗಿದ್ದರೆ ತೋರಿಸಲು ಏನೂ ಉಳಿದಿರುವುದಿಲ್ಲ. ಬೆಳೆ ಪರಿಹಾರಕ್ಕೆ ಕನಿಷ್ಠ ಶೇ 33ರಷ್ಟು ನಷ್ಟ ಆಗಿರಬೇಕು. ಪಹಣಿ, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೂನ್‌ನಲ್ಲೇ ಕಟ್ಟಿಟ್ಟಿರಿ.